ಸಂಪಾದಕರ ಉತ್ತರ: ರಿಕೆಲ್ಮೆ ನಿಧಾನದವರೇ?

ಪ್ರಿಯ ಓದುಗರೇ,

ಶಿವಮೊಗ್ಗದಿಂದ ನೀವು ಬರೆದ ಪತ್ರ ತಲುಪಿದೆ. ಅರ್ಜೆಂಟೀನಾದ ಮಿಡ್‌ಫೀಲ್ಡರ್ ಹುವಾನ್ ರೊಮಾನ್ ರಿಕೆಲ್ಮೆ ಅವರನ್ನು ಕಳೆದ ಸಂಚಿಕೆಯಲ್ಲಿ ನಾವು ದೊಡ್ಡ ಆಟಗಾರರ ಸಾಲಿನಲ್ಲಿ ಕೂರಿಸಿದ್ದು ನಿಮಗೆ ಹಿಡಿಸಿಲ್ಲ. "ಬಾರ್ಸಿಲೋನಾದಲ್ಲಿ ನಿಲ್ಲಲಿಲ್ಲ, ವಿಶ್ವಕಪ್ ಗೆಲ್ಲಲಿಲ್ಲ, ಕೈಗೆ ಬಂದ ಪೆನಾಲ್ಟಿಯನ್ನೂ ಕಳೆದರು. ಮೈದಾನದಲ್ಲಿ ನಡೆದಾಡುವ ಮನುಷ್ಯನನ್ನು ಇಷ್ಟು ಹೊಗಳಬೇಕಿತ್ತೇ?" ಎಂದು ಕೇಳಿದ್ದೀರಿ. ಕಾಲೇಜು ತಂಡದಲ್ಲಿ ಆಡುವ ನಿಮ್ಮ ಮಗ, ಕೋಚ್ 'ನಿಧಾನ' ಎಂದು ಬೈದಾಗಲೆಲ್ಲ ರಿಕೆಲ್ಮೆ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂದೂ ಬರೆದಿದ್ದೀರಿ.

ನೀವು ಹೇಳಿದ ಮೂರೂ ನಿಜ. ನನ್ನ ತಕರಾರು ಇರುವುದು ಆ 'ನಿಧಾನ' ಅನ್ನುವ ಮಾತಿನ ಬಗ್ಗೆ.

ಅವರು ಆಡುತ್ತಿದ್ದ ಜಾಗಕ್ಕೆ ಅರ್ಜೆಂಟೀನಾದಲ್ಲಿ ಎಂಗಾಂಚೆ ಅನ್ನುತ್ತಾರೆ. ಕೊಂಡಿ ಎಂದು ಅರ್ಥ. ಮಿಡ್‌ಫೀಲ್ಡನ್ನೂ ಗೋಲು ಹೊಡೆಯುವವರನ್ನೂ ಜೋಡಿಸುವ ಕೊಂಡಿ. ಚೆಂಡು ಕಾಲಿಗೆ ಸಿಕ್ಕ ಮೇಲೆ ಕೊಂಡಿಯಾದವನು ಒಂದು ಗಳಿಗೆ ತಡೆಯಬೇಕು. ಅದಕ್ಕೂ ಅಲ್ಲಿ ಹೆಸರಿದೆ, ಪೌಸಾ. ಸುಮ್ನೆ ನಿಲ್ಲುವುದಲ್ಲ ಅದು. ಎದುರಾಳಿ ಮೈಮೇಲೆ ಬರಲಿ ಅಂತ ಕಾಯುವುದು. ಅವನು ಬಂದರೆ ಅವನು ಬಿಟ್ಟು ಬಂದ ಜಾಗ ಖಾಲಿ. ಪಾಸ್ ಹೋಗುವುದು ಅಲ್ಲಿಗೆ.

2000ದ ಮೇ ತಿಂಗಳ ಒಂದು ಗಳಿಗೆ ಹೇಳುತ್ತೇನೆ. ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಪಂದ್ಯಾವಳಿ ಕೋಪಾ ಲಿಬರ್ಟಡೋರೆಸ್‌ನ ಕ್ವಾರ್ಟರ್‌ಫೈನಲ್. ರಿಕೆಲ್ಮೆ ಆಡುತ್ತಿದ್ದ ಬೊಕಾ ಜೂನಿಯರ್ಸ್‌ಗೆ ಎದುರಾಗಿದ್ದು ಹುಟ್ಟಾ ವೈರಿ ರಿವರ್ ಪ್ಲೇಟ್. ರಿಕೆಲ್ಮೆ ಅಂಚಿನ ಗೆರೆಯ ಹತ್ತಿರ ಇದ್ದಾರೆ. ಮುಖ ತಮ್ಮದೇ ಗೋಲಿನ ಕಡೆಗೆ. ಬೆನ್ನಿಗೆ ಅಂಟಿಕೊಂಡು ರಿವರ್‌ನ ಮಾರಿಯೋ ಯೆಪೆಸ್. ಇನ್ನು ಹಿಂದಕ್ಕೆ ಪಾಸ್ ಕೊಡುವುದೊಂದೇ ದಾರಿ ಅನ್ನಿಸುತ್ತದೆ, ಅಲ್ವಾ? ರಿಕೆಲ್ಮೆ ಅಂಗಾಲನ್ನು ಚೆಂಡಿನ ಮೇಲಿಟ್ಟು ಹಿಂದಕ್ಕೆಳೆದರು. ಚೆಂಡು ಯೆಪೆಸ್ ಕಾಲುಗಳ ನಡುವೆ ತೂರಿ ಆಚೆ ಬಿತ್ತು. ಇವರು ಪಕ್ಕದಿಂದ ಸುತ್ತಿ ಹೋಗಿ ಅದನ್ನು ಮತ್ತೆ ಹಿಡಿದರು. ಓಟದ ಜೋರು ಇದರಲ್ಲಿ ಏನೂ ಇಲ್ಲ. ಯೆಪೆಸ್ ಕಾಲು ಅಗಲಿಸುವ ಗಳಿಗೆ ಗೊತ್ತಿರಬೇಕಿತ್ತು, ಅದೂ ಬೆನ್ನು ತಿರುಗಿಸಿ ನಿಂತು. ಬೊಕಾ 3-0 ಗೆದ್ದಿತು. ಆ ವರ್ಷದ ಕಪ್ ಕೂಡ ಅವರದ್ದೇ, ಮರುವರ್ಷದ್ದೂ.

ಅದೇ ವರ್ಷ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್, ಯುರೋಪಿನ ಚಾಂಪಿಯನ್ ಕ್ಲಬ್ಬಿಗೂ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬಿಗೂ ನಡೆಯುತ್ತಿದ್ದ ಪಂದ್ಯ. ಎದುರಿಗೆ ರಿಯಲ್ ಮ್ಯಾಡ್ರಿಡ್. ಆರು ನಿಮಿಷ ಮುಗಿಯುವಷ್ಟರಲ್ಲಿ ಮಾರ್ಟಿನ್ ಪಲೆರ್ಮೊ ಎರಡು ಗೋಲು ಹೊಡೆದಿದ್ದರು. ಎರಡನೆಯದು ರಿಕೆಲ್ಮೆ ತಮ್ಮ ಅರ್ಧದಿಂದಲೇ ಕಳಿಸಿದ ಉದ್ದ ಪಾಸಿನದು. 2-1ರಲ್ಲಿ ಬೊಕಾ ಗೆದ್ದಿತು. ಉಳಿದ ಹೊತ್ತು ರಿಕೆಲ್ಮೆ ಕಾಲಿಂದ ಚೆಂಡು ಕಿತ್ತುಕೊಳ್ಳಲು ಮ್ಯಾಡ್ರಿಡ್‌ನವರು ಪಟ್ಟ ಪಾಡು ನೋಡಬೇಕು. ಆಗ ರಿಕೆಲ್ಮೆಗೆ ಇನ್ನೂ 22 ವರ್ಷ.

ಬಾರ್ಸಿಲೋನಾ ವಿಷಯಕ್ಕೆ ಬರುತ್ತೇನೆ. 2002ರ ಏಪ್ರಿಲ್‌ನಲ್ಲಿ ಅವರ ತಮ್ಮನನ್ನು ಅಪಹರಿಸಿದ್ದರು. ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಹನ್ನೊಂದು ಮಕ್ಕಳ ಮನೆಯ ಹಿರಿಮಗ ಅವರು. ಆ ಏಟು ತಿಂದು ಕೆಲವೇ ತಿಂಗಳಿಗೆ ದೇಶ ಬಿಟ್ಟು ಹೋದರು. ಅಲ್ಲಿ ಕೋಚ್ ಲೂಯಿ ವಾನ್ ಗಾಲ್ ಇವರನ್ನು ಬೇಕೆಂದು ಕೇಳಿ ಕರೆಸಿಕೊಂಡವರಲ್ಲ. ಅಂಚಿನಲ್ಲಿ ಆಡಿಸಿದರು. ಕೊಂಡಿಯನ್ನು ಬಾಗಿಲ ಮೂಲೆಗೆ ಹೊಡೆದರೆ ಅದು ಏನನ್ನು ಜೋಡಿಸೀತು? ಮರುವರ್ಷ ರೊನಾಲ್ಡಿನ್ಹೊ ಬಂದರು, ಇವರನ್ನು ವಿಲ್ಲಾರಿಯಲ್‌ಗೆ ಲೋನ್ ಮೇಲೆ ಕಳಿಸಿದರು.

ವಿಲ್ಲಾರಿಯಲ್ ಸುಮಾರು 50 ಸಾವಿರ ಜನರ ಊರು. ಅಲ್ಲಿ ಕೋಚ್ ಮ್ಯಾನುಯೆಲ್ ಪೆಲ್ಲೆಗ್ರಿನಿ ಇಡೀ ತಂಡವನ್ನು ರಿಕೆಲ್ಮೆ ಸುತ್ತ ಕಟ್ಟಿದರು. 2004-05ರ ಸ್ಪ್ಯಾನಿಷ್ ಲೀಗ್‌ನಲ್ಲಿ ಮೂರನೇ ಸ್ಥಾನ. ಮರುವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು ಹೊರಗೆ ಹಾಕಿ ಸೆಮಿಫೈನಲ್. ನೀವು ಹೇಳಿದ ಪೆನಾಲ್ಟಿ ಅಲ್ಲಿಯದು. 2006ರ ಏಪ್ರಿಲ್ 25, ಆರ್ಸೆನಲ್ ವಿರುದ್ಧ, ಪಂದ್ಯ ಮುಗಿಯಲು ಒಂದೆರಡು ನಿಮಿಷ ಬಾಕಿ. ಆರ್ಸೆನಲ್ ಗೋಲ್‌ಕೀಪರ್ ಯೆನ್ಸ್ ಲೇಮನ್ ತಡೆದುಬಿಟ್ಟರು. ಅದಕ್ಕೆ ಸಬೂಬು ಹೇಳಲಾರೆ, ಒದ್ದದ್ದು ರಿಕೆಲ್ಮೆಯೇ. ಆದರೆ ಅಷ್ಟು ಚಿಕ್ಕ ಊರಿನ ತಂಡವನ್ನು ಆ ಪೆನಾಲ್ಟಿಯವರೆಗೆ ಕರೆತಂದಿದ್ದರಲ್ಲಿ ಯಾರ ಪಾಲು ದೊಡ್ಡದು, ಹೇಳಿ.

ವಿಶ್ವಕಪ್ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದೇ ವರ್ಷದ ಜೂನ್ 30, ಬರ್ಲಿನ್. ನಮಗೆ ರಾತ್ರಿ ಎಂಟೂವರೆ, ಊಟದ ಹೊತ್ತು. ರಿಕೆಲ್ಮೆ ಒದ್ದ ಕಾರ್ನರ್‌ಗೆ ಅಯಾಲಾ ತಲೆಕೊಟ್ಟರು, ಜರ್ಮನಿ ವಿರುದ್ಧ ಅರ್ಜೆಂಟೀನಾ 1-0. 72ನೇ ನಿಮಿಷಕ್ಕೆ ಕೋಚ್ ಪೆಕರ್ಮನ್ ರಿಕೆಲ್ಮೆಯನ್ನು ಹೊರಗೆ ಕರೆದರು. ನಾನು ತಟ್ಟೆ ಹಿಡಿದುಕೊಂಡೇ ಎದ್ದು ನಿಂತಿದ್ದೆ. ಎಂಟು ನಿಮಿಷಕ್ಕೆ ಕ್ಲೋಸ ಗೋಲು ಹೊಡೆದು ಸಮ ಮಾಡಿದರು. ಪೆನಾಲ್ಟಿ ಶೂಟೌಟ್‌ನಲ್ಲಿ ಜರ್ಮನಿಯ ಗೋಲಿನಲ್ಲಿ ಮತ್ತೆ ಅದೇ ಲೇಮನ್. ಅರ್ಜೆಂಟೀನಾ ಮನೆಗೆ. ಮುನ್ನಡೆಯಲ್ಲಿದ್ದಾಗ ಚೆಂಡನ್ನು ಕಾಲಡಿ ಇಟ್ಟುಕೊಂಡು ಹೊತ್ತು ಕಳೆಯಬಲ್ಲವರು ಅವರಿಗಿಂತ ಆ ತಂಡದಲ್ಲಿ ಬೇರೆ ಯಾರಿದ್ದರು? ಆ ನಿರ್ಧಾರವನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ತಮ್ಮ ಮೇಲಿನ ಟೀಕೆಗಳಿಂದ ತಾಯಿಯ ಆರೋಗ್ಯ ಕೆಟ್ಟಿತೆಂದು ರಿಕೆಲ್ಮೆ ಆ ವರ್ಷವೇ ರಾಷ್ಟ್ರೀಯ ತಂಡ ಬಿಟ್ಟರು. ಆಮೇಲೆ ಮರಳಿದರು, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಅದಕ್ಕೂ ಮೊದಲು, 2007ರಲ್ಲಿ ಬೊಕಾಗೆ ಬಂದು ಮತ್ತೊಮ್ಮೆ ಲಿಬರ್ಟಡೋರೆಸ್ ಗೆಲ್ಲಿಸಿದರು. ಬ್ರೆಜಿಲ್‌ನ ಗ್ರೇಮಿಯೊ ಕ್ಲಬ್ ವಿರುದ್ಧದ ಎರಡು ಪಂದ್ಯಗಳ ಫೈನಲ್ ಒಟ್ಟು 5-0, ಅದರಲ್ಲಿ ಮೂರು ಗೋಲು ಇವರದ್ದೇ. ಕೊನೆಗೆ 2014ರಲ್ಲಿ, ಹುಡುಗನಾಗಿ ಆಟ ಕಲಿತ ಅರ್ಜೆಂಟಿನೋಸ್ ಜೂನಿಯರ್ಸ್‌ಗೆ ಹೋದರು. ಆಗ ಆ ಕ್ಲಬ್ ಎರಡನೇ ದರ್ಜೆಗೆ ಬಿದ್ದಿತ್ತು. ಅದನ್ನು ಮೇಲೆತ್ತಿ, 2015ರ ಜನವರಿಯಲ್ಲಿ ಆಟ ನಿಲ್ಲಿಸಿದರು. 2023ರ ಜೂನ್ 25ರಂದು ಬೊಕಾ ಮೈದಾನದಲ್ಲಿ ಬೀಳ್ಕೊಡುಗೆ ಪಂದ್ಯ ನಡೆಯಿತು. ಮೆಸ್ಸಿಯೂ ಬಂದು ಆಡಿದರು. ಇಬ್ಬರೂ ಹುಟ್ಟಿದ್ದು ಜೂನ್ 24ಕ್ಕೆ.

ಇನ್ನು ನಿಮ್ಮ ಮಗನ ವಿಷಯ. ಅವನ ಕೋಚ್ ಹೇಳುವುದನ್ನು ತಳ್ಳಿಹಾಕಬೇಡಿ. ರಿಕೆಲ್ಮೆ ಹೆಸರು ಹೇಳುವವರು ಚೆಂಡು ಬರುವ ಮೊದಲೇ ಸುತ್ತ ನೋಡಿಟ್ಟುಕೊಳ್ಳಲು ಕಲಿಯಬೇಕು. ಟೋಕಿಯೋ ಪಂದ್ಯವನ್ನು ಪೂರ್ತಿ ಹಾಕಿ ಕೊಡಿ. ಗೋಲುಗಳ ತುಣುಕು ಮಾತ್ರ ಬೇಡ. ಚೆಂಡು ತಲುಪುವ ಮೊದಲು ರಿಕೆಲ್ಮೆ ಎಷ್ಟು ಸಲ ಕತ್ತು ತಿರುಗಿಸುತ್ತಾರೆ ಅಂತ ಕಾಗದದಲ್ಲಿ ಗೆರೆ ಎಳೆದು ಎಣಿಸಲು ಹೇಳಿ. ಮುಂದಿನ ಪತ್ರದ ಜೊತೆ ಆ ಕಾಗದವನ್ನೂ ಕಳಿಸಿ.

- ಸಂಪಾದಕ