ಮ್ಯಾಗಝೀನ್ ಎಂಬ ಉಗ್ರಾಣ

ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ ಇಷ್ಟು: ಮುಖಪುಟದಲ್ಲಿ ಪತ್ರಿಕೆಯ ಹೆಸರಿನ ಕೆಳಗೆ ನಾವು ಅಚ್ಚು ಹಾಕುವ ‘ಮಾಸಿಕ ಮ್ಯಾಗಝೀನ್’ ಎಂಬ ಸಾಲನ್ನು ಕೈಬಿಟ್ಟು ‘ಮಾಸಪತ್ರಿಕೆ’ ಎಂದು ಹಾಕಬೇಕು. ಆ ಇಂಗ್ಲಿಷ್ ಪದದ ಮೂಲಾರ್ಥ ಮದ್ದಿನ ಮನೆ; ಬಂದೂಕಿಗೆ ತೋಟಾ ತುಂಬುವ ಪೆಟ್ಟಿಗೆಗೂ ಅದೇ ಹೆಸರು; ಸಾಹಿತ್ಯದ ಪತ್ರಿಕೆಗೆ ಅದನ್ನು ಬಳಸುವುದು ಅಪಪ್ರಯೋಗ. ಒಂದು ಪದಕ್ಕೆ ಒಂದೇ ಅರ್ಥವಿರಬೇಕು, ಅದು ಮೂಲದ ಅರ್ಥವೇ ಆಗಿರಬೇಕು ಎನ್ನುವುದು ಅವರ ವಾದ.

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಆರು ಪುಟ, ಎಲ್ಲಿಯೂ ಒಂದು ಅಕ್ಷರ ಹೊಡೆದುಹಾಕಿಲ್ಲ, ಮುತ್ತು ಪೋಣಿಸಿದಂಥ ಬರವಣಿಗೆ. ಇಂಥ ಪತ್ರ ಬರೆಯುವವರು ಇನ್ನೂ ಇದ್ದಾರೆಂಬ ಸಂತೋಷಕ್ಕೆ ಒಪ್ಪಿಯೇ ಬಿಡೋಣವೆಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು. ಕ್ರಯಪತ್ರದಲ್ಲಿ, ವೈದ್ಯರ ಚೀಟಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥವಿರಬೇಕೆನ್ನುವುದು ಸರಿ. ಅಲ್ಲಿ ಎರಡರ್ಥ ಬಂದರೆ ಮನೆ ಹೋಗುತ್ತದೆ, ಇಲ್ಲವೇ ಪ್ರಾಣ ಹೋಗುತ್ತದೆ. ಆದರೆ ಆ ಕಟ್ಟುಪಾಡನ್ನು ಇಡೀ ಭಾಷೆಯ ಮೇಲೆ ಹೇರಲು ಹೊರಟಿದ್ದೀರಿ, ಅದೂ ಈ ಪದವನ್ನು ಮುಂದಿಟ್ಟುಕೊಂಡು. ಇದಕ್ಕೆ ನನ್ನ ತಕರಾರಿದೆ.

ಮೂಲಾರ್ಥವೆಂದು ತಾವು ತೋರಿಸಿದ್ದು ಮೂಲವೇ ಅಲ್ಲ. ಅರಬ್ಬಿಯಲ್ಲಿ ‘ಖಜನ’ ಎಂದರೆ ಕೂಡಿಡುವುದು. ಧಾತುವಿನ ಮುಂದೆ ‘ಮ’ಕಾರ ಇಟ್ಟು, ಆ ಕೆಲಸ ನಡೆಯುವ ಜಾಗಕ್ಕೆ ಹೆಸರು ಕಟ್ಟುವುದು ಆ ಭಾಷೆಯ ಪದ್ಧತಿ: ಸಜ್ದಾ ಅಂದರೆ ಹಣೆ ನೆಲಕ್ಕಿಟ್ಟು ನಮಿಸುವ ಜಾಗ ಮಸ್ಜಿದ್, ದರ್ಸ್ ಅಂದರೆ ಪಾಠ ನಡೆಯುವ ಜಾಗ ಮದ್ರಸಾ. ಹಾಗೆಯೇ ಕೂಡಿಡುವ ಜಾಗ ಮಖ್ಜನ್, ಅದರ ಬಹುವಚನ ಮಖಾಜಿನ್. ಅಲ್ಲಿ ಏನನ್ನು ಕೂಡಿಡಬೇಕೆಂದು ಪದ ಹೇಳುವುದೇ ಇಲ್ಲ. ಧಾನ್ಯವಾದರೂ ಸರಿ, ಬಟ್ಟೆಯ ಮೂಟೆಯಾದರೂ ಸರಿ. ಬಂದರು ಬಂದರಿನ ವ್ಯಾಪಾರದ ಜೊತೆ ಇಟಲಿಗೆ, ಫ್ರಾನ್ಸಿಗೆ ದಾಟಿದ ಆ ಪದ ಇಂಗ್ಲಿಷಿಗೆ ಬಂದದ್ದು 16ನೆಯ ಶತಮಾನದ ಕೊನೆಯ ಭಾಗದಲ್ಲಿ. ಸ್ಪೇನಿನವರು ಅರಬ್ಬಿಯ ‘ಅಲ್’ ಅನ್ನೂ ಬಿಡದೆ ಎಳೆದುಕೊಂಡು ‘ಅಲ್ಮಾಸೆನ್’ ಎಂದರು. ಇಂಗ್ಲಿಷರಲ್ಲಿ ಸೈನ್ಯದ ಉಗ್ರಾಣವೆಂಬ ಅರ್ಥ ಮುಂದಾಯಿತು ಎನ್ನುವುದು ನಿಜ; 1857ರ ಮೇ 11ರಂದು ದೆಹಲಿಯಲ್ಲಿ ಬ್ರಿಟಿಷರು ತಾವೇ ಸಿಡಿಸಿದ ಮದ್ದಿನ ಮನೆಯ ಹೆಸರೂ ಮ್ಯಾಗಝೀನ್. ಆದರೆ ಫ್ರಾನ್ಸಿನಲ್ಲಿ, ರಷ್ಯಾದಲ್ಲಿ ಅದೇ ಪದಕ್ಕೆ ಇಂದಿಗೂ ಅಂಗಡಿ ಎಂದರ್ಥ. ಮೊರಾಕ್ಕೊದಲ್ಲಂತೂ ‘ಮಖ್ಜೆನ್’ ಎಂದರೆ ಸರ್ಕಾರವೇ, ಅಂದರೆ ಬೊಕ್ಕಸ ಯಾರ ಕೈಯಲ್ಲಿದೆಯೋ ಅವರು. ಅಷ್ಟು ದೂರವೇಕೆ, ಅದೇ ಧಾತುವಿನ ಇನ್ನೊಂದು ಕುಡಿ ಪಾರಸಿಯ ದಾರಿ ಹಿಡಿದು ನಮ್ಮಲ್ಲಿಗೇ ಬಂದು ಖಜಾನೆಯಾಗಿದೆ. ಖಜಾನೆಯೂ ಮ್ಯಾಗಝೀನೂ ದಾಯಾದಿಗಳು.

ಈ ಉಗ್ರಾಣದೊಳಕ್ಕೆ ಬರಹ ಬಂದು ಸೇರಿದ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. 1731ರ ಜನವರಿಯಲ್ಲಿ, ಲಂಡನ್ನಿನ ಸೇಂಟ್ ಜಾನ್ಸ್ ಗೇಟ್ ಎಂಬ ಹಳೆಯ ಹೆಬ್ಬಾಗಿಲಿನ ಕಟ್ಟಡದಿಂದ ಎಡ್ವರ್ಡ್ ಕೇವ್ ಎಂಬ ಮುದ್ರಕ ‘ದಿ ಜಂಟಲ್‌ಮನ್ಸ್ ಮ್ಯಾಗಝೀನ್’ ಹೊರತಂದ. ಅಚ್ಚಾಗುವ ಹಾಳೆಗಳು ಎಷ್ಟು ಹೆಚ್ಚಿವೆಯೆಂದರೆ ಎಲ್ಲವನ್ನೂ ನೋಡುವುದು ಯಾರಿಂದಲೂ ಆಗದು. ಆದ್ದರಿಂದ ಅವುಗಳಲ್ಲಿ ಗಮನಾರ್ಹವಾದದ್ದನ್ನು ಉಗ್ರಾಣದಲ್ಲಿ ಕೂಡಿಡುವಂತೆ ಇಲ್ಲಿ ಕೂಡಿಡುತ್ತೇವೆ ಎಂದು ಅವನು ವಿವರಿಸಿದ. ಮುನ್ನೂರು ವರ್ಷದ ಹಿಂದಿನ ಈ ದೂರು ಇವತ್ತಿನದೇ ಅನ್ನಿಸುವುದಿಲ್ಲವೇ? ಸಂಪಾದಕನಾಗಿ ಅವನು ಇಟ್ಟುಕೊಂಡ ಹೆಸರು ಸಿಲ್ವೇನಸ್ ಅರ್ಬನ್: ಲ್ಯಾಟಿನ್ ಮೂಲ ಹಿಡಿದರೆ ಮೊದಲರ್ಧದಲ್ಲಿ ಕಾಡು, ಉಳಿದರ್ಧದಲ್ಲಿ ಪೇಟೆ. ಸಂಪುಟಗಳ ಶೀರ್ಷಿಕೆಪುಟದಲ್ಲಿ ಹೂಗೊಂಚಲು ಹಿಡಿದ ಒಂದು ಕೈ. ಒಳಗೆ ಕವಿತೆ, ರಾಜಕೀಯ, ಹೊಸ ಪುಸ್ತಕಗಳ ಪಟ್ಟಿ, ಜನನ ಮರಣದ ವಾರ್ತೆ, ಎಲ್ಲವೂ ಒಂದೇ ಹೊಲಿಗೆಯಲ್ಲಿ. ಅಲ್ಲಿಯೇ ಬರಹದ ಕೂಲಿ ಮಾಡಿ ಜೀವನ ಸಾಗಿಸಿದ್ದ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಉಗ್ರಾಣ, ಸಾಮಾನ್ಯವಾಗಿ ಆಯುಧಶಾಲೆ ಎಂಬ ಅರ್ಥವನ್ನು ಮೊದಲು ಕೊಟ್ಟು, ಇತ್ತೀಚೆಗೆ ಬಗೆಬಗೆಯ ಬರಹಗಳ ಹೊತ್ತಗೆಗೂ ಈ ಹೆಸರು ಬಂದಿದೆ, ಅದು ಕೇವ್‌ನ ಪತ್ರಿಕೆಯಿಂದ ಬಂದದ್ದು ಎಂದು ಎರಡನೆಯದನ್ನೂ ದಾಖಲಿಸಿದ. 24 ವರ್ಷಗಳಲ್ಲಿ ಹೊಸ ಅರ್ಥ ನಿಘಂಟು ಹೊಕ್ಕಿತ್ತು. ಜಾನ್ಸನ್ ಅದನ್ನು ಅಪಪ್ರಯೋಗವೆಂದು ಬಯ್ಯಲಿಲ್ಲ. ಬಯ್ಯುವುದರಲ್ಲಿ ಅವನೇನೂ ಹಿಂದೆ ಬೀಳುವ ಆಸಾಮಿಯಲ್ಲ.

ಇನ್ನು ತಮಗೆ ಮುಜುಗರ ತಂದ ಬಂದೂಕಿನ ಪೆಟ್ಟಿಗೆ. ಕಳಚಿ ತೆಗೆಯಬಹುದಾದ ತೋಟಾಪೆಟ್ಟಿಗೆಗೆ ಜೇಮ್ಸ್ ಪ್ಯಾರಿಸ್ ಲೀ ಪೇಟೆಂಟ್ ಪಡೆದದ್ದು 1879ರಲ್ಲಿ, ಪತ್ರಿಕೆಗೆ ಆ ಹೆಸರು ಬಂದು ಒಂದೂವರೆ ಶತಮಾನ ಸರಿದುಹೋಗುವ ಹೊತ್ತಿಗೆ. ವಂಶಾವಳಿ ಹಿಡಿದು ನೋಡಿದರೂ ನಾವು ಅಣ್ಣ, ಅದು ತಮ್ಮ. ಸಿನಿಮಾ ಕ್ಯಾಮೆರಾದ ನೆತ್ತಿಯ ಮೇಲೆ ಎರಡು ಕಿವಿಯಂತೆ ನಿಂತಿರುತ್ತಿದ್ದ ಫಿಲ್ಮಿನ ಡಬ್ಬಿಯೂ ಮ್ಯಾಗಝೀನೇ, 35 ಮಿ.ಮೀ. ಫಿಲ್ಮು 1000 ಅಡಿ ತುಂಬಿದರೆ ಸುಮಾರು 11 ನಿಮಿಷದ ಸರಕು.

ಈ ಪದ ಒಮ್ಮೆ ನನ್ನ ಕಿವಿಯನ್ನೂ ಹಿಂಡಿದೆ. ನಾನು ದಿನಪತ್ರಿಕೆಯೊಂದರಲ್ಲಿ ಹೊಸ ಉಪಸಂಪಾದಕನಾಗಿದ್ದಾಗ, ರಾತ್ರಿ ಪಾಳಿಯಲ್ಲಿ ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯೊಂದನ್ನು ಅನುವಾದಿಸುತ್ತ, ಬಂಧಿತನ ಬಳಿ ‘ಒಂದು ರೈಫಲ್, ಮೂರು ನಿಯತಕಾಲಿಕೆ ಹಾಗೂ 90 ಸುತ್ತು’ ಸಿಕ್ಕಿತೆಂದು ಬರೆದಿದ್ದೆ. ಮುಖ್ಯ ಉಪಸಂಪಾದಕರು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದ್ದು ಇಷ್ಟೇ: ‘ಯಾವ ತಿಂಗಳ ಸಂಚಿಕೆ?’ ತಪ್ಪು ಪದದ್ದಲ್ಲ, ನನ್ನದು. ಪಕ್ಕದಲ್ಲೇ ರೈಫಲ್ ನಿಂತಿದ್ದರೂ ನನಗೆ ಕಾಣಲಿಲ್ಲ. ಅರ್ಥ ಗೊತ್ತಾಗುವುದು ನೆರೆಹೊರೆಯ ಪದಗಳಿಂದ. ಅದಕ್ಕೆ ಮುತ್ತಾತನ ಸಾಕ್ಷಿ ಬೇಕಿಲ್ಲ. ತಾವೇ ‘ಮದ್ದಿನ ಮನೆ’ ಎಂದು ಬರೆದಿದ್ದೀರಿ. ಕೆಮ್ಮಿಗೆ ಕೊಡುವುದೂ ಮದ್ದು, ಫಿರಂಗಿಗೆ ಜಡಿಯುವುದೂ ಮದ್ದು. ಹಾಗೆಂದು ನಾನೇನೂ ಅದನ್ನು ಔಷಧಾಲಯವೆಂದು ಓದಿಕೊಳ್ಳಲಿಲ್ಲ.

ತಮ್ಮ ನೆಪದಲ್ಲಿ ಇನ್ನೊಂದು ಸಂಕಟವನ್ನೂ ಹೇಳಿಕೊಳ್ಳುತ್ತೇನೆ. ನ್ಯೂಸ್ ಎಂಬ ಪದ ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿ ಆದದ್ದೆಂದು ಸಾರುವ ಲೇಖನಗಳು ನಮ್ಮ ಕಚೇರಿಗೆ ಬರುವುದು ಇಂದಿಗೂ ನಿಂತಿಲ್ಲ. ಹೊಸತು ಎಂಬುದರ ಬಹುವಚನ ಅದು, ‘ಹೊಸ ಸಂಗತಿಗಳು’ ಅಷ್ಟೆ; ಯಾವ ನಿಘಂಟು ತೆರೆದರೂ ಸಿಗುತ್ತದೆ. ಮೂಲದ ಹುಚ್ಚಿರುವ ಅನೇಕರಿಗೆ ನಿಘಂಟು ತೆರೆಯುವ ತಾಳ್ಮೆಯಿಲ್ಲ. ತೆರೆಯುವ ತಮ್ಮಂಥ ವಿದ್ವಾಂಸರಿಗೆ, ಕ್ಷಮಿಸಿ, ಕಂಡ ಮೂಲವನ್ನು ಕಾಯಿದೆಯಾಗಿಸುವ ಹಟ. ಮೂಲವೇ ಕಾಯಿದೆಯಾದರೆ ಮೂರು ತಿಂಗಳಿಗೊಮ್ಮೆ ಬರುವ ಜರ್ನಲ್‌ಗಳೆಲ್ಲ ಬಾಗಿಲು ಹಾಕಬೇಕು, ಏಕೆಂದರೆ ಆ ಪದದ ಹೊಟ್ಟೆಯಲ್ಲಿರುವುದು ‘ದಿನ’. ಗೆಜೆಟ್ಟನ್ನು ವೆನಿಸ್ಸಿನ ‘ಗಜೆಟಾ’ ಎಂಬ ಚಿಲ್ಲರೆ ನಾಣ್ಯ ಕೊಟ್ಟೇ ಕೊಳ್ಳಬೇಕು. ತಾವು ಸೂಚಿಸಿದ ಮಾಸಪತ್ರಿಕೆಯನ್ನಂತೂ ಎಲೆಯ ಮೇಲೆಯೇ ಬರೆಯಬೇಕು, ಪತ್ರವೆಂದರೆ ಎಲೆಯಲ್ಲವೇ? ‘ನಿಯತಕಾಲಿಕೆ’ ಎಂಬುದೊಂದಿದೆ; ಒಂದೇ ಪದ, ಒಂದೇ ಅರ್ಥ, ತಮ್ಮ ನಿಯಮಗಳಿಗೆಲ್ಲ ಒಪ್ಪುವಂಥದ್ದು. ಇಷ್ಟು ವರ್ಷಗಳಲ್ಲಿ ‘ಈ ತಿಂಗಳ ನಿಯತಕಾಲಿಕೆ ಬಂತೇ?’ ಎಂದು ನನ್ನನ್ನು ಕೇಳಿದ ಓದುಗರು ಒಬ್ಬರೂ ಇಲ್ಲ.

ಮುಖಪುಟದ ಸಾಲು ಇದ್ದಲ್ಲೇ ಇರುತ್ತದೆ. ಪತ್ರದೊಂದಿಗೆ ತಾವು ಕಳುಹಿಸಿದ ಚಂದಾಹಣ ಜಮಾ ಆಗಿದೆ, ರಸೀದಿಯನ್ನು ಅಂಚೆಗೆ ಹಾಕಿದ್ದೇವೆ. ಅದರ ಕೆಳತುದಿಯಲ್ಲಿ, ಸಹಿಯ ಪಕ್ಕ, ‘ಖಜಾಂಚಿ’ ಎಂದು ಅಚ್ಚಾಗಿದೆ. ದಯವಿಟ್ಟು ಆ ಪದವನ್ನು ಹೊಡೆದುಹಾಕಬೇಡಿ, ರಸೀದಿ ರದ್ದಾಗುತ್ತದೆ.

— ಸಂಪಾದಕ