ಮರಳಿ ಬಂದ ವ್ಯಾಪಾರಿಯನ್ನು ಅವಳು ಏಕೆ ಒಪ್ಪಬೇಕು?

ನೀವು ಕೇಳಿರುವುದು ಇಷ್ಟು: ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬ, ಜಾತಿ ಬೇರೆಯೆಂಬ ಕಾರಣಕ್ಕೆ 12 ವರ್ಷಗಳ ಹಿಂದೆ ಕೈಬಿಟ್ಟ ಹುಡುಗಿಯನ್ನು ಮತ್ತೆ ಸೇರುವ ಕಾದಂಬರಿ ಬರೆಯುತ್ತಿದ್ದೀರಿ. ಅವಳು ಈಗ ಶಿಕ್ಷಕಿ. ಅವಳ ತಾಯಿಯ ಶಸ್ತ್ರಚಿಕಿತ್ಸೆಯ ಖರ್ಚನ್ನು ಅವನು ಗುಟ್ಟಾಗಿ ಕಟ್ಟುತ್ತಾನೆ, ವಿಷಯ ತಿಳಿದಾಗ ಅವಳು ಅತ್ತು ಕ್ಷಮಿಸುತ್ತಾಳೆ. ಆದರೆ ಕರಡು ಓದಿದವರೆಲ್ಲ ‘ಕೊನೆ ನಂಬುವ ಹಾಗಿಲ್ಲ’ ಎಂದಿದ್ದಾರೆ. ತಪ್ಪು ಎಲ್ಲಿದೆ ಎಂಬುದು ನಿಮ್ಮ ಪ್ರಶ್ನೆ. ನಾನು ಇದೇ ಊರಿನಲ್ಲಿ 19 ವರ್ಷ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ವಾಚನಾಲಯ ನಡೆಸಿದವಳು. ನನ್ನ ತಂದೆ ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹಾಗಾಗಿ ನಿಮ್ಮ ಕಥೆಯ ಪ್ರೇಮದ ಬಗ್ಗೆಯೂ ವ್ಯಾಪಾರದ ಬಗ್ಗೆಯೂ ಹೇಳುವುದಕ್ಕೆ ನನ್ನಲ್ಲಿ ಒಂದಷ್ಟು ಇದೆ.

ತಪ್ಪಿರುವುದು ಆ ಗುಟ್ಟಿನ ಹಣದಲ್ಲಿ. ಅಂದು ಅವಳಿಗೆ ಹಣವಿಲ್ಲದೆ ನೋವಾಗಿರಲಿಲ್ಲ. ನಾಲ್ಕು ಜನರ ಎದುರು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆಂದು ಮಾತು ಕೊಟ್ಟವನು ನಿಲ್ಲದೆ ಹೋದದ್ದರಿಂದ ನೋವಾಗಿತ್ತು. ಈಗ ಶ್ರೀಮಂತನಾಗಿ ಬಂದು ಯಾರಿಗೂ ಕಾಣದಂತೆ ಆಸ್ಪತ್ರೆಯ ಬಿಲ್ಲು ಕಟ್ಟುವಾಗ, ಅವನು ಅಂದಿನಂತೆ ಇಂದೂ ಮರೆಯಲ್ಲೇ ಪ್ರೀತಿಸುತ್ತಿದ್ದಾನೆ, ಅದೇ ತಪ್ಪನ್ನು ಇನ್ನಷ್ಟು ದುಬಾರಿಯಾಗಿ ಮಾಡುತ್ತಿದ್ದಾನೆ. ನಿಮ್ಮ ಓದುಗರಿಗೆ ಇದು ಮಾತಿನಲ್ಲಿ ಹೇಳಲು ಬಂದಿಲ್ಲದಿರಬಹುದು, ಆದರೆ ಅವರ ಮನಸ್ಸು ಗುರುತಿಸಿದೆ.

ನಮ್ಮ ವಾಚನಾಲಯದ ಪುಸ್ತಕಗಳ ಕೊನೆಯ ಪುಟದಲ್ಲಿ ಓದುಗರು ಪೆನ್ಸಿಲಿನಿಂದ ಅಭಿಪ್ರಾಯ ಬರೆದಿಡುತ್ತಿದ್ದರು. ಮೊದಮೊದಲು ರಬ್ಬರು ಹಿಡಿದು ಅಳಿಸುತ್ತಿದ್ದೆ. ಆಮೇಲೆ ಕಾದಂಬರಿಗಿಂತ ಮೊದಲು ಆ ಪುಟವನ್ನೇ ತೆರೆದು ಓದುವುದು ಅಭ್ಯಾಸವಾಯಿತು. ನಿಮ್ಮದರಂತೆಯೇ ಅಗಲಿದವರು ಕೂಡುವ ಒಂದು ಪುಸ್ತಕದಲ್ಲಿ ಯಾರೋ ‘ಇವಳು ಇಷ್ಟು ಬೇಗ ಒಪ್ಪಬಾರದಿತ್ತು’ ಎಂದು ಬರೆದಿದ್ದರು. ಅದರ ಕೆಳಗೆ ಸಣ್ಣದಾದ, ಬಲಕ್ಕೆ ವಾಲಿದ ಬೇರೊಂದು ಅಕ್ಷರದಲ್ಲಿ ‘ಒಪ್ಪಲಿ, ಆದರೆ ಅವನು ಕೇಳಲೇ ಇಲ್ಲವಲ್ಲ’ ಎಂದಿತ್ತು. ಇಂಥ ಕಥೆ ಕೈಗೆ ಬಂದಾಗಲೆಲ್ಲ ನನಗೆ ಆ ಎರಡನೆಯ ಸಾಲು ನೆನಪಾಗುತ್ತದೆ.

ಆದ್ದರಿಂದ ಅವನು ಅಂದು ಎಲ್ಲಿ ನಿಲ್ಲದೆ ಹೋದನೋ ಆ ಜಾಗವನ್ನು ಮೊದಲು ಕಣ್ಣಿಗೆ ಕಾಣುವಂತೆ ಕಟ್ಟಿಕೊಡಿ. ‘ಮನೆಯವರು ಒಪ್ಪಲಿಲ್ಲ’ ಎಂಬ ಒಂದು ವಾಕ್ಯ ಸಾಲದು. ಬೇರೆ ಜಾತಿಯ ಇಬ್ಬರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ, ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹ ಅಧಿಕಾರಿಗೆ ಲಿಖಿತ ನೋಟಿಸು ಕೊಡಬೇಕು. ಅದರ ಪ್ರತಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸುತ್ತಾರೆ, 30 ದಿನಗಳೊಳಗೆ ಯಾರು ಬೇಕಾದರೂ ಕಾನೂನಿನಲ್ಲಿರುವ ಕಾರಣ ತೋರಿಸಿ ಆಕ್ಷೇಪಿಸಬಹುದು. ಜಮೀನು, ನಿವೇಶನ ನೋಂದಾಯಿಸಲು ಊರಿನ ವ್ಯಾಪಾರಸ್ಥರೆಲ್ಲ ಓಡಾಡುವ ಉಪನೋಂದಣಾಧಿಕಾರಿ ಕಚೇರಿಯ ಗೋಡೆಯ ಮೇಲೆ ಆ ಹಾಳೆ ಒಂದು ತಿಂಗಳು ಇರುತ್ತದೆಂದರೆ, 25 ವರ್ಷದ ವ್ಯಾಪಾರಿಯ ಮಗನಿಗೆ ಅದು ಎಂಥ ಭಯ ಎಂದು ಯೋಚಿಸಿ. ಅವನ ತಂದೆಯ ಪರಿಚಯದವರೊಬ್ಬರು ಅದನ್ನು ಓದಿದರು, ಗೊತ್ತುಮಾಡಿದ ದಿನ ಅವಳು ಕಚೇರಿಯ ಮೆಟ್ಟಿಲ ಬಳಿ ಕಾದಳು, ಅವನು ಬರಲಿಲ್ಲ: ಇಷ್ಟು ನಡೆದಿದ್ದರೆ ಅವನ ತಪ್ಪಿಗೆ ಒಂದು ಸ್ಥಳ, ಒಂದು ತಾರೀಖು ಸಿಗುತ್ತದೆ.

ನಿಮ್ಮ ಕಥೆಗೆ ಇದೇ ಕಾನೂನಿನಲ್ಲಿ ಇನ್ನೂ ಒಂದು ಸಂಗತಿ ಇದೆ. ನೋಟಿಸು ಕೊಟ್ಟ 3 ತಿಂಗಳೊಳಗೆ ಮದುವೆ ನಡೆಯದಿದ್ದರೆ ಅದು ರದ್ದಾದಂತೆ. ಮತ್ತೆ ಮದುವೆಯಾಗಬೇಕೆಂದರೆ ಹೊಸದಾಗಿ ನೋಟಿಸು ಕೊಟ್ಟು, ಮತ್ತೆ ಅದೇ ಗೋಡೆಯ ಮೇಲೆ ಹೆಸರು ಹಾಕಿಸಿಕೊಂಡು, ಮತ್ತೆ 30 ದಿನ ಕಾಯಬೇಕು. ನಿಮ್ಮ ನಾಯಕನಿಗೆ ಸಿಗಬೇಕಾದ ಎರಡನೆಯ ಅವಕಾಶ ಇದೇ ಎಂದು ನನ್ನ ದೃಢವಾದ ಅಭಿಪ್ರಾಯ. ಅವಳಿಗೆ ನಡುವೆ ಮದುವೆಯಾಗಿ ಮುರಿದಿದ್ದರೆ ವಿಚ್ಛೇದನದ ತೀರ್ಪಿನ ಪ್ರತಿಯನ್ನು ಅವಳೇ ಕೈಯಲ್ಲಿ ಹಿಡಿದು ಬರಬೇಕಾಗುತ್ತದೆ. ಅದನ್ನೂ ಮರೆಮಾಚದೆ ಬರೆಯಿರಿ.

ಅವನ ಭಯವನ್ನು ಬರಿಯ ಹೇಡಿತನವೆಂದು ತಳ್ಳಿಹಾಕಬೇಡಿ. ದಲ್ಲಾಳಿ ಅಂಗಡಿಯ ಬಂಡವಾಳದಲ್ಲಿ ಅರ್ಧ ಹಣ, ಇನ್ನರ್ಧ ಹೆಸರು. ರೈತನಿಗೆ ಬೀಜ ಗೊಬ್ಬರಕ್ಕೆಂದು ಮುಂಗಡ ಕೊಟ್ಟಿರುತ್ತಾರೆ, ಖರೀದಿದಾರರಿಂದ ಬರಬೇಕಾದದ್ದು ಉದ್ರಿಯಲ್ಲಿರುತ್ತದೆ, ನೆಂಟರು ನಂಬಿಕೆಯ ಮೇಲೆ ಕೈಗಡ ಕೊಟ್ಟಿರುತ್ತಾರೆ. ನಮ್ಮವರ ಅಂಗಡಿ ಎಂದು ಹತ್ತಾರು ಹಳ್ಳಿಗಳಿಂದ ಮಾಲು ತರುವವರು ಒಂದು ಸುಗ್ಗಿ ಬೇರೆ ಅಂಗಡಿಗೆ ತಿರುಗಿದರೆ ಬಾಗಿಲು ಹಾಕಬೇಕಾಗುತ್ತದೆ. ಅವನ ತಂದೆ ಹೇಳುವ ಬೆದರಿಕೆಯಲ್ಲಿ ಈ ಲೆಕ್ಕ ಇರಲಿ. ಹಾಗಾದಾಗ ಅವನು ಅವಳನ್ನು ಬಿಟ್ಟು ಏನನ್ನು ಉಳಿಸಿಕೊಂಡ ಎಂಬುದು ಓದುಗರಿಗೆ ಅರ್ಥವಾಗುತ್ತದೆ, ಅರ್ಥವಾದ ಮೇಲೂ ಕ್ಷಮಿಸುವುದು ಕಷ್ಟವಾಗುತ್ತದೆ.

ಅವನನ್ನು ಕೆಲಸ ಮಾಡುವಾಗ ತೋರಿಸಿ, ಕಾರಿನಿಂದ ಇಳಿಯುವಾಗಲ್ಲ. ನನ್ನ ತಂದೆ ಎಪಿಎಂಸಿಯ ಪ್ರಾಂಗಣದಲ್ಲಿ ಮೆಕ್ಕೆಜೋಳದ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಅಡಿಯ ಕಾಳನ್ನು ತೆಗೆಯುತ್ತಿದ್ದರು, ಏಕೆಂದರೆ ಮೇಲಿನ ಕಾಳು ಬಿಸಿಲಿಗೆ ಒಣಗಿದ್ದರೂ ಒಳಗೆ ತೇವ ಉಳಿದಿರುತ್ತದೆ. ಒಂದು ಕಾಳನ್ನು ಹಲ್ಲಿನ ನಡುವೆ ಕಡಿಯುತ್ತಿದ್ದರು. ಟಕ್ಕೆಂದು ಒಡೆದರೆ ಒಣಗಿದೆ, ಮೆತ್ತಗೆ ಜಜ್ಜಿದರೆ ಇಲ್ಲ. ಈಗ ಯಂತ್ರವಿದೆ, ತೇವಾಂಶ 14 ಶೇಕಡ ದಾಟಿತೆಂದರೆ ಬೆಲೆ ಬೀಳುತ್ತದೆ, ಆದರೂ ಹಳಬರು ಯಂತ್ರ ನೋಡಿದ ಮೇಲೆ ಒಂದು ಕಾಳನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಬಿಟ್ಟಿಲ್ಲ. ನಿಮ್ಮ ನಾಯಕ ಒಳಗಿನ ಕಾಳನ್ನು ನೋಡದೆ ಬೆಲೆ ಹೇಳುವವನೇ, ಹೇಳದವನೇ ಎಂಬುದರಿಂದಲೇ ಅವನ ಸ್ವಭಾವ ತಿಳಿದುಬಿಡುತ್ತದೆ.

ಇನ್ನು ಆಕಸ್ಮಿಕ ಭೇಟಿ. ದಾವಣಗೆರೆಯಲ್ಲಿ ಇಬ್ಬರು ಆಕಸ್ಮಿಕವಾಗಿ ಭೇಟಿಯಾಗುವುದನ್ನು ವಿವರಿಸಬೇಕಿಲ್ಲ. 12 ವರ್ಷ ಭೇಟಿಯಾಗದೆ ಉಳಿದದ್ದು ಹೇಗೆಂಬುದನ್ನು ವಿವರಿಸಬೇಕು. ದುರ್ಗಾಂಬಿಕಾ ದೇವಿಯ ಜಾತ್ರೆ 2 ವರ್ಷಕ್ಕೊಮ್ಮೆ ನಡೆಯುತ್ತದೆ, ಊರಿಗೆ ಊರೇ ಅಲ್ಲಿರುತ್ತದೆ. ಅಷ್ಟು ಜಾತ್ರೆಗಳಲ್ಲಿ ಅವಳು ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಮರಳುತ್ತಿದ್ದಳು, ಮಂಡಿಪೇಟೆಯ ಯಾವ ಬೀದಿಯನ್ನು ಬಿಟ್ಟು ಸುತ್ತಿ ಬರುತ್ತಿದ್ದಳು, ಯಾರ ಮದುವೆಯ ಕರೆಯೋಲೆ ಬಂದರೂ ಹೋಗಲಿಲ್ಲ ಎಂದು ಬರೆದರೆ ಅವಳ ಆ ವರ್ಷಗಳು ಓದುಗರಿಗೆ ಸಿಗುತ್ತವೆ. ನಿಮ್ಮ ಕರಡಿನ ವಿವರಣೆಯಲ್ಲಿ ಅವಳ 12 ವರ್ಷಗಳ ಬಗ್ಗೆ ‘ಶಿಕ್ಷಕಿಯಾದಳು’ ಎಂಬುದಷ್ಟೇ ಇದೆ. ಹತ್ತಿ ಗಿರಣಿ ಮುಚ್ಚಿ ಕೆಲಸ ಕಳೆದುಕೊಂಡ ತಂದೆಯ ಮನೆಯನ್ನು ಹೊತ್ತ ಮಗಳು ಅವಳಾಗಿದ್ದರೆ, ಅವಳಿಗೆ ಕಾಯುವುದಕ್ಕೆ ಪುರುಸೊತ್ತೇ ಇದ್ದಿರಲಾರದು. ಅವಳು ಅವನಿಗಾಗಿ ಕಾದಿರಲಿಲ್ಲ ಎಂದೇ ಬರೆಯಿರಿ. ಆಗ ಅವಳು ಕೊನೆಗೆ ‘ಹೂಂ’ ಎಂದರೆ ಅದಕ್ಕೆ ತೂಕ ಬರುತ್ತದೆ.

ಆಸ್ಪತ್ರೆಯ ಪ್ರಸಂಗವನ್ನು ತೆಗೆದುಹಾಕಬೇಡಿ, ತಿರುಗಿಸಿ. ಹಣ ಕಟ್ಟಿದವನು ಯಾರೆಂದು ತಿಳಿದ ಕೂಡಲೇ ಅವಳು ಅಳದೆ ಅವನ ಅಂಗಡಿಗೆ ಹೋಗಲಿ, ಪ್ರತಿ ತಿಂಗಳ ಸಂಬಳದಲ್ಲಿ ಒಂದು ಕಂತು ತೀರಿಸುತ್ತೇನೆಂದು ಹಮಾಲರ, ಗುಮಾಸ್ತರ ಎದುರಿಗೇ ಹೇಳಿ ರಸೀದಿ ಕೇಳಲಿ. ಅವನು ಬೇಡವೆಂದರೆ ಅವಳು ಒಪ್ಪುವವಳಲ್ಲ. ಹಾಗೆ ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ, ಚೀಲಗಳ ನಡುವೆ, ಎಲ್ಲರ ಕಣ್ಣೆದುರು ಅವರು ಭೇಟಿಯಾಗುವಂತಾಗುತ್ತದೆ. ಹಿಂದೆ ಅವರಿಗೆ ಸಿಗದೆ ಹೋದದ್ದು ಇಂಥ ಹಗಲೇ. ಕೊನೆಯ ಕಂತು ದೀಪಾವಳಿಯ ಹೊತ್ತಿಗೆ ಬರಲಿ. ಹೊಸ ಮೆಕ್ಕೆಜೋಳದ ಆವಕ ಏರುವ, ಲಕ್ಷ್ಮೀಪೂಜೆಗೆ ಹೊಸ ಖಾತೆ ಪುಸ್ತಕ ತೆರೆಯುವ ಕಾಲ ಅದು. ಹಳೆಯ ಪುಸ್ತಕದಲ್ಲಿ ಅವಳ ಲೆಕ್ಕ ಚುಕ್ತಾ ಆಗಿರುತ್ತದೆ. ಮುಂದಿನ ತಿಂಗಳು ಅವಳು ಬರಬೇಕಾದ ಕಾರಣವೇ ಇರುವುದಿಲ್ಲ. ಅವನು ಬಾಯಿಬಿಟ್ಟು ಕೇಳಬೇಕಾದ ಗಳಿಗೆ ಅದು.

ಮಾತಿನ ವಿಷಯದಲ್ಲಿ ಕನ್ನಡ ನಿಮಗೆ ಕೊಟ್ಟಿರುವ ಅನುಕೂಲವನ್ನು ಬಳಸಿಕೊಳ್ಳಿ. ಕಂತು ಕಟ್ಟುವ ತಿಂಗಳುಗಳಲ್ಲೆಲ್ಲ ಅವಳು ‘ಚೀಟಿ ಕೊಡ್ರಿ, ಹೊತ್ತಾತು’ ಎಂದೇ ಮಾತಾಡಲಿ. ಎಷ್ಟೋ ತಿಂಗಳ ನಂತರ ಒಂದು ದಿನ ತಡೆಯಲಾರದೆ ‘ನೀ ಅವತ್ತು ಯಾಕ ಬರಲಿಲ್ಲ?’ ಎಂದು ಬಾಯಿಂದ ಬಂದುಬಿಡಲಿ. ಬಹುವಚನ ಏಕವಚನಕ್ಕೆ ಇಳಿದ ಆ ಒಂದು ಸಾಲಿನಲ್ಲಿ ಸಿಟ್ಟು, ಸಲಿಗೆ ಎರಡೂ ಇರುತ್ತವೆ. ಅದರ ಮುಂದೆ ಪುಟಗಟ್ಟಲೆ ಕಣ್ಣೀರು ಬೇಕಾಗುವುದಿಲ್ಲ. ಅವನ ಉತ್ತರದಲ್ಲಿ ತಂದೆಯ ಹೆಸರು ಬರಬಾರದು. ‘ಹೆದರಿದೆ’ ಎಂದಷ್ಟೇ ಹೇಳಲಿ.

ಮದುವೆಯ ದಿನ ಮೂವರು ಸಾಕ್ಷಿಗಳು ಸಹಿ ಹಾಕಬೇಕು, ಅವರು ಯಾರೆಂದು ಈಗಲೇ ನಿಶ್ಚಯಿಸಿಕೊಳ್ಳಿ. ತಿಂಗಳು ತಿಂಗಳು ರಸೀದಿ ಬರೆದುಕೊಟ್ಟ ಮುದುಕ ಗುಮಾಸ್ತ ಅವರಲ್ಲೊಬ್ಬನಾದರೆ ನನಗೆ ಸಂತೋಷ. ಆದರೆ ಮದುವೆಯ ದಿನದವರೆಗೆ ಕಾದಂಬರಿಯನ್ನು ಎಳೆಯಬೇಡಿ. ಎರಡನೆಯ ನೋಟಿಸು ಗೋಡೆಗೆ ಬಿದ್ದ ಬೆಳಗ್ಗೆ ಅವನು ಅವಳಿಗಿಂತ ಮೊದಲೇ ಬಂದು, ಅಂದು ಅವಳು ಕಾದಿದ್ದ ಮೆಟ್ಟಿಲ ಬಳಿ ನಿಂತಿರಲಿ. ಪರಿಚಯದವರು ಯಾರಾದರೂ ನೋಡಿ ಮಾತಾಡಿಸಿದರೆ ಕಾರಣ ಹೇಳಲಿ. ಅವಳು ಬಂದು, ಏನೂ ಮಾತಾಡದೆ ಗೋಡೆಯ ಹತ್ತಿರ ಹೋಗಿ, ತನ್ನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡಲಿ.