ಸಂಪಾದಕರ ಉತ್ತರ: ದರ್ಶನ ಯಾರದ್ದೋ, ಸಾಲ ಯಾರ ತಲೆಗೋ

ಲಿಂಗರಾಜಪುರದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಕೊರಿಯಾದ ಸನ್ ಮ್ಯುಂಗ್ ಮೂನ್ ಕಟ್ಟಿದ ಯೂನಿಫಿಕೇಶನ್ ಚರ್ಚನ್ನು ವಿಸರ್ಜಿಸಲು ಜಪಾನಿನ ಕೋರ್ಟ್ ಕೊಟ್ಟ ಆದೇಶದ ಬಗ್ಗೆ ನಾವು ಪ್ರಕಟಿಸಿದ ಲೇಖನ ಅವರಿಗೆ ಹಿಡಿಸಿಲ್ಲ. "ಯೇಸು ಕಾಣಿಸಿಕೊಂಡ ಅಂತ ಕೊರಿಯಾದ ಸನ್ ಮ್ಯುಂಗ್ ಮೂನ್ ಹೇಳಿದರೆ ನಿಮಗೆ ನಗು. ದಮಸ್ಕದ ದಾರಿಯಲ್ಲಿ ಪೌಲನಿಗೆ ಕಂಡಿದ್ದು? ಫ್ರಾನ್ಸಿನ ಲೂರ್ದಿನಲ್ಲಿ ಆ ಹುಡುಗಿಗೆ ಮೇರಿ ಮಾತೆ ಕಂಡಿದ್ದು? ಬಿಡುವುದಾದರೆ ಎಲ್ಲರನ್ನೂ ಬಿಡಿ, ಬ್ಯಾನ್ ಮಾಡುವುದಾದರೆ ಜಪಾನಿನ ಹಾಗೆ ಇಲ್ಲೂ ಮಾಡಲಿ" ಎಂಬುದು ಅವರ ತಕರಾರು. ಕೊನೆಯಲ್ಲಿ ನಾಲ್ಕು ಸಾಲು: ಅಕ್ಕನ ಮಗ ಹೆಣ್ಣೂರು ಕಡೆ ಯಾವುದೋ ಬೈಬಲ್ ಸ್ಟಡಿಗೆ ಹೋಗುತ್ತಿದ್ದಾನೆ, ಯಾವ ಚರ್ಚಿನವರು ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ, ಪೊಲೀಸರಿಗೆ ಹೇಳೋಣವೇ?

ಪತ್ರ ಬರೆಸಿದ್ದು ಆ ನಾಲ್ಕು ಸಾಲೇ ಅಂತ ನನ್ನ ಗುಮಾನಿ. ಆದರೂ ಮೊದಲು ತಕರಾರಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅದರಲ್ಲಿ ಹುರುಳಿದೆ.

1935ರ ಈಸ್ಟರ್ ಹೊತ್ತಿಗೆ, ತನಗೆ ಹದಿನೈದು ವರ್ಷ ಇದ್ದಾಗ, ಬೆಟ್ಟದ ಮೇಲೆ ಯೇಸು ಕಾಣಿಸಿ ತಾನು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸು ಅಂದ ಎಂದು ಮೂನ್ ಹೇಳುತ್ತಿದ್ದರು. ಆಗಿಲ್ಲ ಅಂತ ಸಾಬೀತು ಮಾಡಲು ನನ್ನಿಂದ ಆಗದು, ಆಯಿತು ಅಂತ ಸಾಬೀತು ಮಾಡಲು ನಿಮ್ಮಿಂದಲೂ ಆಗದು. ಅದಕ್ಕೇ ನಮ್ಮ ಲೇಖನ ಆ ಬೆಟ್ಟದ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿತ್ತು. ನಗಲಿಲ್ಲ ಸ್ವಾಮಿ, ಇನ್ನೊಮ್ಮೆ ಓದಿ ನೋಡಿ.

ನೋಡಬೇಕಾದದ್ದು ಆಮೇಲಿನದು. ಲೂರ್ದಿನ ವಿಷಯವನ್ನೇ ತಗೊಳ್ಳಿ. 1858ರಲ್ಲಿ ಬರ್ನಡೆಟ್ ಎಂಬ ಆ ಹುಡುಗಿ ತನಗೆ ಕಂಡದ್ದನ್ನು ಹೇಳಿದಾಗ ಊರಿನ ಪಾದ್ರಿಯೇ ಮೊದಲು ನಂಬಲಿಲ್ಲ, ಪೊಲೀಸ್ ಅಧಿಕಾರಿ ಕರೆಸಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದ, ಬಿಷಪ್ ತನಿಖೆ ಮಾಡಿಸಿ 1862ರಲ್ಲಿ ಒಪ್ಪಿದರು. ಮನೆಯಲ್ಲಿ ಕಡುಬಡತನ, ಆದರೂ ಜನ ಕೊಡಲು ಬಂದ ಹಣ ಆ ಹುಡುಗಿ ಮುಟ್ಟಲಿಲ್ಲ. ಇಷ್ಟೆಲ್ಲ ಆದ ಮೇಲೂ, ಲೂರ್ದನ್ನು ನಂಬಲೇಬೇಕು ಅಂತ ಕ್ಯಾಥೊಲಿಕ್ ಸಭೆ ಯಾರಿಗೂ ಕಡ್ಡಾಯ ಮಾಡಿಲ್ಲ. ನಮ್ಮ ವಿವೇಕನಗರದ ಬಾಲಯೇಸು ಚರ್ಚಿಗೆ ಒಂದು ಗುರುವಾರ ಹೋಗಿ. ಹಣೆಗೆ ಕುಂಕುಮ ಇಟ್ಟವರೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಹಚ್ಚುತ್ತಾರೆ, ಬೇಡಿಕೊಳ್ಳುತ್ತಾರೆ, ಬಸ್ ಹತ್ತಿ ಮನೆಗೆ ಹೋಗುತ್ತಾರೆ. ನೀನು ಯಾರು, ನಿನ್ನ ಮನೆ ಎಷ್ಟಕ್ಕೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಮೂನ್ ವಿಷಯದಲ್ಲಿ ತಡೆದು ಕೇಳುವವರು ಮೇಲೆ ಯಾರೂ ಇರಲಿಲ್ಲ. 1954ರಲ್ಲಿ ಸೋಲ್‌ನಲ್ಲಿ ಅವರು ಕಟ್ಟಿದ ಸಂಸ್ಥೆಯ ಬೋಧನೆ ಇಷ್ಟು: ಹವ್ವ ಸೈತಾನನ ಜೊತೆ ಕೂಡಿದ್ದರಿಂದ ಮನುಷ್ಯರ ರಕ್ತವೇ ಕೆಟ್ಟಿತು, ಯೇಸು ಮದುವೆಯಾಗಿ ಪಾಪವಿಲ್ಲದ ಸಂಸಾರ ಕಟ್ಟಬೇಕಿತ್ತು, ಅಷ್ಟರಲ್ಲಿ ಶಿಲುಬೆಗೆ ಏರಿಸಿಬಿಟ್ಟರು, ಉಳಿದ ಕೆಲಸಕ್ಕೆ ಕೊರಿಯಾದಲ್ಲಿ ಇನ್ನೊಬ್ಬ ಹುಟ್ಟಬೇಕು. ಆ ಇನ್ನೊಬ್ಬ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕ್ರೀಡಾಂಗಣ ತುಂಬಾ ಜೋಡಿಗಳನ್ನು ನಿಲ್ಲಿಸಿ ಒಟ್ಟಿಗೆ ಮದುವೆ ಮಾಡಿಸುತ್ತಿದ್ದುದೂ ಇದಕ್ಕೇ. 1982ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ದಿನ 2,075 ಜೋಡಿ. ಶಿಲುಬೆಯಲ್ಲೇ ರಕ್ಷಣೆ ಮುಗಿಯಲಿಲ್ಲ ಅಂದ ಮೇಲೆ ಉಳಿದ ಚರ್ಚುಗಳು ಇವರನ್ನು ತಮ್ಮವರು ಅನ್ನುವುದಿಲ್ಲ. ಅದು ಅವರವರ ಜಗಳ, ನನಗೆ ಅದರಲ್ಲಿ ಜಾಸ್ತಿ ಆಸಕ್ತಿ ಇಲ್ಲ. 2012ರಲ್ಲಿ ಮೂನ್ ತೀರಿಕೊಂಡ ಮೇಲೆ ಹೆಂಡತಿ ಪಟ್ಟಕ್ಕೆ ಕೂತರು. ಕಿರಿಮಗ ಸಿಡಿದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೇರೆ ಚರ್ಚ್ ಮಾಡಿಕೊಂಡರು. 2018ರಲ್ಲಿ ಅಲ್ಲಿ ಜೋಡಿಗಳು ಎಆರ್-15 ಬಂದೂಕು ಹಿಡಿದು ಆಶೀರ್ವಾದ ತಗೊಂಡವು. ತಾಯಿ ಸರಿಯೋ ಮಗ ಸರಿಯೋ, ಯಾರನ್ನು ಕೇಳುತ್ತೀರಿ?

ಈಗ ಜಪಾನ್. "ನಂಬಿಕೆ ಬೇರೆ, ದುಡ್ಡು ಬೇರೆ, ಎರಡನ್ನೂ ಕಲಸಬೇಡಿ" ಎಂದು ನೀವು ಒಂದು ಕಡೆ ಬರೆದಿದ್ದೀರಿ. ಕಲಸಿದ್ದು ನಾವಲ್ಲ. ಆ ಬೋಧನೆಯಲ್ಲಿ ಕೊರಿಯಾ ಆದಾಮನ ದೇಶ, ಜಪಾನ್ ಹವ್ವಳ ದೇಶ. ಕೊರಿಯಾವನ್ನು ಆಳಿದ ಪಾಪವೂ ಜಪಾನಿನ ತಲೆ ಮೇಲಿದೆ, ಹಾಗಾಗಿ ಅದು ಕೊಡುತ್ತಲೇ ಇರಬೇಕು. ಮನೆಮನೆಗೆ ಹೋಗಿ, ನಿಮ್ಮ ಪೂರ್ವಜರು ನರಕದಲ್ಲಿ ನರಳುತ್ತಿದ್ದಾರೆ, ಅದಕ್ಕೇ ಮನೆಯಲ್ಲಿ ಸಾವು ನೋವು ಅಂತ ಹೆದರಿಸಿ, ಅಮೃತಶಿಲೆಯ ಹೂದಾನಿ, ಹೆಸರಿನ ಮೊಹರುಗಳನ್ನು ಬಾಯಿಗೆ ಬಂದ ಬೆಲೆಗೆ ಮಾರಿದರು. ನಮ್ಮಲ್ಲಿ ಪಿತೃದೋಷ ಅಂತ ಹೇಳಿ ಉಂಗುರ ತೊಡಿಸುವವರ ವರಸೆಯೇ, ಆದರೆ ದೇಶದುದ್ದಕ್ಕೂ ಸಂಘಟನೆ ಕಟ್ಟಿಕೊಂಡು. 2022ರ ಜುಲೈ 8ರಂದು ನಾರಾದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು, ಈ ಚರ್ಚಿನ ಜೊತೆ ನಂಟಿದೆ ಅಂತ ನಂಬಿ, ಗುಂಡು ಹೊಡೆದು ಕೊಂದವನ ತಾಯಿ, ಗಂಡ ಆತ್ಮಹತ್ಯೆ ಮಾಡಿಕೊಂಡ ಮೇಲೆ ಈ ಚರ್ಚಿಗೆ ಸೇರಿದವರು. ಸುಮಾರು 10 ಕೋಟಿ ಯೆನ್ ಕೊಟ್ಟರು, ನಮ್ಮ ಲೆಕ್ಕದಲ್ಲಿ ಐದಾರು ಕೋಟಿ ರೂಪಾಯಿ. ದಿವಾಳಿಯಾದರು. ಕೊಲೆಗೆ ಇದು ಸಮರ್ಥನೆ ಅಲ್ಲ. ಆದರೆ ಕೊರಿಯಾದ ಬೆಟ್ಟದ ಮೇಲೆ ಯಾರಿಗೋ ಕಂಡದ್ದರ ಸಾಲ ನಾರಾದ ವಿಧವೆಯೊಬ್ಬಳ ತಲೆಗೆ ಬಂತು ನೋಡಿ, ನಮ್ಮ ಲೇಖನ ಬರೆದದ್ದು ಅದರ ಬಗ್ಗೆ.

ಇನ್ನು ಬ್ಯಾನ್. ಜಪಾನ್ ಯಾವ ಧರ್ಮವನ್ನೂ ಬ್ಯಾನ್ ಮಾಡಿಲ್ಲ. 2025ರ ಮಾರ್ಚ್ 25ರಂದು ಟೋಕಿಯೊ ಜಿಲ್ಲಾ ನ್ಯಾಯಾಲಯ ಕೊಟ್ಟದ್ದು ವಿಸರ್ಜನೆಯ ಆದೇಶ. ಚರ್ಚ್ ಮೇಲ್ಮನವಿ ಹಾಕಿತು. ವಿಸರ್ಜನೆ ಅಂದರೆ ಧಾರ್ಮಿಕ ಸಂಸ್ಥೆಯ ಮಾನ್ಯತೆ ಹೋಗುತ್ತದೆ, ತೆರಿಗೆ ವಿನಾಯಿತಿ ಹೋಗುತ್ತದೆ, ಆಸ್ತಿ ಕರಗಿಸಬೇಕಾಗುತ್ತದೆ. ಸೇರಿ ಪ್ರಾರ್ಥನೆ ಮಾಡುವುದಕ್ಕೆ ಅಡ್ಡಿ ಇಲ್ಲ. ಯೇಸು ಕಂಡನೋ ಇಲ್ಲವೋ ಅಂತ ನ್ಯಾಯಾಧೀಶರು ಕೇಳಲೂ ಇಲ್ಲ. 1,500ಕ್ಕೂ ಹೆಚ್ಚು ಜನರಿಗೆ ಸುಮಾರು 2,040 ಕೋಟಿ ಯೆನ್ ನಷ್ಟವಾಗಿದೆ ಅಂತ ಲೆಕ್ಕ ಹಾಕಿದರು, ಅಷ್ಟೇ. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ. ಯಾವ ದರ್ಶನ ಅಸಲಿ ಅಂತ ವಿಧಾನಸೌಧದಲ್ಲಿ ಕೂತು ತೀರ್ಮಾನ ಮಾಡುವ ದಿನ ಬಂದರೆ ನಿಮ್ಮ ಚರ್ಚಿಗೂ ಕಷ್ಟ, ಪಕ್ಕದ ಬೀದಿಯ ಮಠಕ್ಕೂ ಕಷ್ಟ.

ಅಕ್ಕನ ಮಗನ ವಿಷಯ. ಅವನು ಹೋಗುತ್ತಿರುವ ಗುಂಪು ಯಾವುದೋ ನನಗೆ ಗೊತ್ತಿಲ್ಲ, ಮೂನ್ ಕಡೆಯವರು ಅಂತ ನಾನು ಹೇಳುತ್ತಿಲ್ಲ. ವಯಸ್ಸಿಗೆ ಬಂದ ಹುಡುಗ ಬೈಬಲ್ ಓದಲು ಹೋಗುವುದು ಅಪರಾಧವಲ್ಲ, ಪೊಲೀಸರಿಗೆ ಹೇಳಿ ಏನೂ ಗಿಟ್ಟುವುದಿಲ್ಲ. ದಯವಿಟ್ಟು ಕೂಡಿಹಾಕುವ ಯೋಚನೆಯನ್ನಂತೂ ಮಾಡಬೇಡಿ. ಜಪಾನಿನಲ್ಲಿ ಮೂನ್ ಚರ್ಚ್ ಬಿಡಿಸಲು ಒಬ್ಬನನ್ನು ಮನೆಯವರೇ ಹನ್ನೆರಡು ವರ್ಷಕ್ಕೂ ಜಾಸ್ತಿ ಅಪಾರ್ಟ್‌ಮೆಂಟಿನಲ್ಲಿ ಇಟ್ಟಿದ್ದರು. ಅವನು ಹೊರಗೆ ಬಂದ, ಕೋರ್ಟಿಗೆ ಹೋಗಿ ಅವರಿಂದಲೇ ಪರಿಹಾರ ಪಡೆದ, ಚರ್ಚ್ ಬಿಡಲಿಲ್ಲ. ಲಂಡನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ 1979ರಲ್ಲಿ ಮೂನ್ ಶಿಬಿರಗಳಿಗೆ ಹೋದ ಸುಮಾರು ಸಾವಿರ ಜನರ ಬೆನ್ನು ಹತ್ತಿದರು. ಹತ್ತರಲ್ಲಿ ಒಂಬತ್ತು ಜನ ಸೇರಲೇ ಇಲ್ಲ, ಸೇರಿದವರಲ್ಲೂ ಹೆಚ್ಚಿನವರು ಎರಡು ವರ್ಷದೊಳಗೆ ಬಿಟ್ಟರು. ಹಾಗಾಗಿ ಗಾಬರಿ ಬೇಡ, ಮಾತು ಮುರಿಯಬೇಡಿ.

ಆದರೆ ಹೆಸರು ಮುಚ್ಚಿಡುವುದು ನನಗೂ ಹಿಡಿಸಲಿಲ್ಲ. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂನ್ ಕಡೆಯವರು ಬೇರೆ ಹೆಸರಿನ ಸಂಘ ಇಟ್ಟುಕೊಂಡು ಬೀದಿಯಲ್ಲಿ ಸಿಕ್ಕ ಹುಡುಗರನ್ನು ಊಟಕ್ಕೆ ಕರೆಯುತ್ತಿದ್ದರು, ಊಟ ಆದ ಮೇಲೆ ವಾರಾಂತ್ಯದ ಶಿಬಿರ, ಮೂನ್ ಹೆಸರು ಬರುತ್ತಿದ್ದುದು ಎಷ್ಟೋ ತಡವಾಗಿ. ನಿಮ್ಮ ಹುಡುಗನನ್ನು ಇಷ್ಟೇ ಕೇಳಿ: ಮುಖ್ಯಸ್ಥರು ಯಾರು, ದುಡ್ಡು ಕೊಟ್ಟರೆ ರಸೀದಿ ಯಾವ ಹೆಸರಿನಲ್ಲಿ ಬರುತ್ತದೆ, ಅಪ್ಪ ಅಮ್ಮ ಒಂದು ದಿನ ಬಂದು ಕೂರಬಹುದಾ?

ಅಕ್ಕನ ಹೆಸರಿನಲ್ಲಿ ಮನೆ ಇದೆ, ಅವರೂ ಇತ್ತೀಚೆಗೆ ಹೋಗಿ ಬಂದಿದ್ದಾರೆ ಅಂತ ಬರೆದಿದ್ದೀರಿ. ಆ ಮನೆಯನ್ನು ಗುಂಪಿಗೆ ಬರೆದುಕೊಟ್ಟುಬಿಟ್ಟರೆ ಎಂಬ ಭಯವಿದ್ದರೆ, ಕಾನೂನು ಇಲ್ಲಿ ಕೈಕಟ್ಟಿ ಕೂತಿಲ್ಲ. 1890ರಲ್ಲೇ ಅಲಹಾಬಾದ್ ಹೈಕೋರ್ಟ್ ಮುಂದೆ ಒಬ್ಬ ಮುದುಕನ ಕೇಸು ಬಂದಿತ್ತು. ಪರಲೋಕದಲ್ಲಿ ಒಳ್ಳೆಯದಾಗಲಿ ಅಂತ ಇದ್ದಬದ್ದ ಆಸ್ತಿಯನ್ನೆಲ್ಲ ಗುರುವಿಗೆ ದಾನಪತ್ರ ಮಾಡಿಕೊಟ್ಟಿದ್ದ. ಕೋರ್ಟ್ ಅದನ್ನು ರದ್ದು ಮಾಡಿತು. ಗುರು ತನ್ನ ಪ್ರಭಾವ ಬಳಸಿ ಬರೆಸಿಕೊಂಡಿಲ್ಲ ಅಂತ ತೋರಿಸುವ ಹೊಣೆ ಇಂಥ ಕಡೆ ಪಡೆದವನ ಮೇಲೇ ಬೀಳುತ್ತದೆ; ಒಪ್ಪಂದ ಕಾಯ್ದೆಯ 16ನೇ ಕಲಂ ಹೇಳುವುದು ಅದನ್ನೇ. ಆದರೆ ಕೇಸು ಹಾಕಲು ಮೂರು ವರ್ಷದ ಗಡುವಿದೆ, ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಕೇಸು ಎಳೆಯುವ ವೈಖರಿ ನಿಮಗೆ ಗೊತ್ತೇ ಇದೆ. ಅದಕ್ಕೇ ಅಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲು, ಆ ಗುಂಪಿನವರು ತೋರಿಸಿದ ವಕೀಲರನ್ನು ಬಿಟ್ಟು, ಬೇರೆ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋಗಿ.